ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್: ಕ್ಲೋಸರ್ ಮತ್ತು ಪ್ರಾಸ್ಪೆಕ್ಟ್‌ಗಳನ್ನು ಯಾವಾಗ, ಹೇಗೆ, ಎಷ್ಟು ತೆಗೆದುಕೊಳ್ಳಬೇಕು?

ಫ್ಯಾಂಟಸಿ ಬೇಸ್‌ಬಾಲ್ ಅಂದರೆ ಅಮೆರಿಕದ ಮೇಜರ್ ಲೀಗ್‌ನ ನಿಜವಾದ ಆಟಗಾರರನ್ನು ಸರದಿ ಪ್ರಕಾರ ಆರಿಸಿ (ಇದೇ ಡ್ರಾಫ್ಟ್) ತಂಡ ಕಟ್ಟಿ, ಅವರ ಆಟದ ಅಂಕಿಅಂಶದ ಮೇಲೆ ಸ್ಪರ್ಧಿಸುವುದು. ಕ್ಲೋಸರ್ ಅಂದರೆ ಗೆಲ್ಲುತ್ತಿರುವ ಪಂದ್ಯದ ಕೊನೆಯ, ಅಂದರೆ ಒಂಬತ್ತನೇ, ಇನ್ನಿಂಗ್ಸ್ ಎಸೆಯುವ ಪಿಚರ್. ಪ್ರಾಸ್ಪೆಕ್ಟ್ ಅಂದರೆ ಕೆಳಗಿನ ಮೈನರ್ ಲೀಗ್‌ನಲ್ಲಿ ಆಡುತ್ತಾ ಮೇಲೆ ಬರಲು ಕಾಯುತ್ತಿರುವ ಭರವಸೆಯ ಹುಡುಗ.

ಪ್ರತಿ ವರ್ಷ ಮೇ ತಿಂಗಳಲ್ಲಿ ನನಗೆ ಬರುವ ಮೆಸೇಜ್‌ಗಳು ಎರಡೇ ಥರ. ಒಂದು, "ಐದನೇ ರೌಂಡ್‌ನಲ್ಲಿ ತಗೊಂಡ ಕ್ಲೋಸರ್ ಕೆಲಸ ಕಳ್ಕೊಂಡ, ಈಗೇನ್ ಮಾಡ್ಲಿ?" ಇನ್ನೊಂದು, "ಆ ಹುಡುಗನನ್ನ ಮೇಲಕ್ಕೆ ಕರೀತಾನೇ ಇಲ್ಲ, ಒಂದೂವರೆ ತಿಂಗಳಿಂದ ನನ್ನ ಬೆಂಚ್ ಮೇಲೆ ಕೂತಿದಾನೆ." ಬ್ಯಾಟರ್‌ಗಳನ್ನೂ ಸ್ಟಾರ್ಟಿಂಗ್ ಪಿಚರ್‌ಗಳನ್ನೂ ಚೆನ್ನಾಗಿಯೇ ಆರಿಸುವವರು ಈ ಎರಡು ಕಡೆ ಮಾತ್ರ ವರ್ಷ ವರ್ಷವೂ ಎಡವುತ್ತಾರೆ.

ಎರಡಕ್ಕೂ ಕಾರಣ ಒಂದೇ. ಬುಲ್‌ಪೆನ್‌ನವರನ್ನೂ (ಪಂದ್ಯ ಶುರು ಮಾಡಿದ ಪಿಚರ್ ಹೋದ ಮೇಲೆ ಬರುವ ರಿಲೀವರ್‌ಗಳು) ಮೈನರ್ ಲೀಗ್ ಹುಡುಗರನ್ನೂ ಉಳಿದವರ ಹಾಗೇ ಪ್ರತಿಭೆ ನೋಡಿ ಆರಿಸುತ್ತಾರೆ. ಕ್ಲೋಸರ್ ವಿಷಯದಲ್ಲಿ ನೀವು ಬೆಲೆ ಕೊಡುವುದು ಒಂಬತ್ತನೇ ಇನ್ನಿಂಗ್ಸ್‌ನ ಕುರ್ಚಿಗೆ. ಪ್ರಾಸ್ಪೆಕ್ಟ್ ವಿಷಯದಲ್ಲಿ, ಅವನು ಮೇಜರ್ ಲೀಗ್‌ಗೆ ಬರುವ ತಾರೀಖಿಗೆ. ಕುರ್ಚಿ ಭದ್ರವೇ, ತಾರೀಖು ಯಾವುದು ಅಂತ ಮೊದಲು ಕೇಳಿಕೊಳ್ಳಿ. ತೋಳಿನ ಬಲ, ಬ್ಯಾಟಿನ ಬಲ ಆಮೇಲೆ ನೋಡೋಣ.

ಕೆಳಗಿರುವುದು 12 ತಂಡದ, 5x5 ರೋಟೋ ಲೀಗನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಂದರೆ ಬ್ಯಾಟಿಂಗ್‌ಗೆ ಐದು, ಪಿಚಿಂಗ್‌ಗೆ ಐದು ಅಂಕಣ ಇಟ್ಟು, ಸೀಸನ್ ಪೂರ್ತಿ ಪ್ರತಿ ಅಂಕಣದಲ್ಲಿ ನೀವು ಎಷ್ಟನೆಯವರು ಅಂತ ನೋಡಿ ಅಂಕ ಕೊಡುವ ಲೀಗ್. ಪಿಚಿಂಗ್‌ನಲ್ಲಿ ಎಣಿಸುವುದು ಗೆಲುವು, ಸೇವ್ (2ನೇ ಹಂತದಲ್ಲಿ ಹೇಳುತ್ತೇನೆ), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಡುವ ಸರಾಸರಿ ರನ್), ವಿಪ್ (ಒಂದು ಇನ್ನಿಂಗ್ಸ್‌ಗೆ ಕೊಡುವ ಹಿಟ್ ಮತ್ತು ವಾಕ್; ವಾಕ್ ಅಂದರೆ ಎಸೆತ ತಪ್ಪಿ ಬ್ಯಾಟರ್‌ಗೆ ಬಿಟ್ಟಿ ಸಿಗುವ ಬೇಸ್). ಬೇರೆ ಥರದ ಲೀಗ್ ಆಡುವವರಿಗೆ ಎಲ್ಲಿ ಬದಲಾಗುತ್ತದೆ ಅಂತ ಅಲ್ಲಲ್ಲೇ ಹೇಳುತ್ತೇನೆ.

## ಡ್ರಾಫ್ಟ್‌ಗೆ ಮುಂಚೆ ಕೈಯಲ್ಲಿರಬೇಕಾದ್ದು

ಜಾಸ್ತಿ ಏನೂ ಬೇಡ. ಫ್ಯಾನ್‌ಗ್ರಾಫ್ಸ್‌ನ ರೋಸ್ಟರ್ ರಿಸೋರ್ಸ್ ಪುಟದಲ್ಲಿ 30 ತಂಡಗಳ ಬುಲ್‌ಪೆನ್ ಪಟ್ಟಿ ಇರುತ್ತದೆ. ಯಾರು ಕ್ಲೋಸರ್, ಯಾರು ಅವನ ಹಿಂದೆ ಅಂತ ಅಲ್ಲೇ ಸಿಗುತ್ತದೆ. ಚೆಂಡಿನ ವೇಗ ನೋಡಲು ಬೇಸ್‌ಬಾಲ್ ಸಾವಂಟ್. ಹುಡುಗರಿಗೆ ಎಂಎಲ್‌ಬಿ ಪೈಪ್‌ಲೈನ್ ಅಥವಾ ಬೇಸ್‌ಬಾಲ್ ಅಮೆರಿಕಾದ ಟಾಪ್ 100 ಪಟ್ಟಿ.

ನಾಲ್ಕನೆಯದನ್ನು ಜನ ಮರೆಯುತ್ತಾರೆ: ನೀವು ಆಡುವ ತಾಣದ್ದೇ ಎಡಿಪಿ, ಅಂದರೆ ಯಾರನ್ನು ಸರಾಸರಿ ಎಷ್ಟನೇ ಪಿಕ್‌ನಲ್ಲಿ ತೆಗೆದುಕೊಳ್ಳುತ್ತಿದ್ದಾರೆ ಅನ್ನುವ ಲೆಕ್ಕ. ಯಾಹೂದಲ್ಲಿ ಆಡುತ್ತಾ ಇಎಸ್‌ಪಿಎನ್ ಪಟ್ಟಿ ಹಿಡಿದು ಕೂತರೆ ಕ್ಲೋಸರ್‌ಗಳ ವಿಷಯದಲ್ಲಿ ಕೈ ಸುಟ್ಟುಕೊಳ್ಳುತ್ತೀರಿ. ಡ್ರಾಫ್ಟ್ ರೂಮಿನಲ್ಲಿ ಕಣ್ಣೆದುರು ಕಾಣುವ ಪಟ್ಟಿಯನ್ನೇ ಮುಕ್ಕಾಲು ಜನ ಹಿಂಬಾಲಿಸುತ್ತಾರೆ.

ಕೊನೆಯದಾಗಿ ಒಂದು ಬಿಳಿ ಹಾಳೆ, ಒಂದು ಪೆನ್ನು. ಯಾಕೆ ಅಂತ 2ನೇ ಹಂತದಲ್ಲಿ ಗೊತ್ತಾಗುತ್ತದೆ.

## 1. ಲೀಗಿನ ನಿಯಮದಲ್ಲಿ ಐದು ಸಾಲು ಓದಿ

ಹೋಲ್ಡ್ (ಕ್ಲೋಸರ್‌ಗೆ ಮುಂಚೆ ಬಂದು ಮುನ್ನಡೆ ಉಳಿಸಿಕೊಟ್ಟ ರಿಲೀವರ್‌ಗೆ ಸಿಗುವುದು) ಎಣಿಸುತ್ತಾರಾ? ಸೇವ್ ಮತ್ತು ಹೋಲ್ಡ್ ಸೇರಿಸಿ ಒಂದೇ ಅಂಕಣವಾಗಿದ್ದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಡ. ಆಗ ಕ್ಲೋಸರ್‌ಗೆ ಮುಂಚಿನ ರೌಂಡ್ ಖರ್ಚು ಮಾಡಬೇಡಿ, ಎಂಟನೇ ಇನ್ನಿಂಗ್ಸ್ ಎಸೆಯುವ ಒಳ್ಳೆ ಪಿಚರ್‌ಗಳು ಕೊನೆಯವರೆಗೂ ಸಿಗುತ್ತಾರೆ.

ಇನ್ನಿಂಗ್ಸ್ ಮಿತಿ ಎಷ್ಟು? ಯಾಹೂ ರೋಟೋ ಲೀಗ್‌ಗಳಲ್ಲಿ ಮಾಮೂಲಾಗಿ 1400. ಮಿತಿ ಇದ್ದಲ್ಲಿ ಪ್ರತಿ ಇನ್ನಿಂಗ್ಸೂ ಬೆಲೆಬಾಳುತ್ತದೆ, ಹಾಗಾಗಿ ಒಳ್ಳೆ ರಿಲೀವರ್‌ನ ಬೆಲೆಯೂ ಏರುತ್ತದೆ.

ಬೆಂಚ್ ಎಷ್ಟು? ಮೂರೇ ಜಾಗ ಇರುವ ಲೀಗಿನಲ್ಲಿ ಟ್ರಿಪಲ್ ಎ (ಮೈನರ್ ಲೀಗ್‌ನ ಮೇಲಿನ ಮೆಟ್ಟಿಲು, ಅದರ ಕೆಳಗಿನದು ಡಬಲ್ ಎ) ಹುಡುಗನನ್ನು ಕೂರಿಸಿಕೊಳ್ಳುವುದು ಅಂದರೆ ಬೆಂಚಿನ ಮೂರನೇ ಒಂದು ಭಾಗಕ್ಕೆ ಬೀಗ ಹಾಕಿದ ಹಾಗೆ. ಯಾಹೂದಲ್ಲಿ ಎನ್‌ಎ ಅಂತ ಒಂದು ಜಾಗ ಇಡುವ ಅವಕಾಶವಿದೆ. ಮೇಜರ್ ಲೀಗ್‌ಗೆ ಇನ್ನೂ ಬರದವರನ್ನು ಬೆಂಚ್ ಖರ್ಚಿಲ್ಲದೆ ಅಲ್ಲಿ ಇಟ್ಟುಕೊಳ್ಳಬಹುದು. ನಿಮ್ಮ ಲೀಗಿನಲ್ಲಿ ಅದಿದೆಯಾ ಅಂತ ಕಮಿಷನರ್‌ನನ್ನು ಡ್ರಾಫ್ಟ್‌ಗೆ ಮುಂಚೆ ಕೇಳಿ.

ಮುಂದಿನ ವರ್ಷಕ್ಕೆ ಆಟಗಾರರನ್ನು ಉಳಿಸಿಕೊಳ್ಳಬಹುದಾ? ಉಳಿಸಿಕೊಳ್ಳಬಹುದಾದರೆ ಹುಡುಗರ ಬೆಲೆ ಎರಡರಷ್ಟು. ಇಲ್ಲದಿದ್ದರೆ ಈ ವರ್ಷ ಆಡದವನು ನಿಮಗೆ ಏನೂ ಅಲ್ಲ, ಅವನು ಎಷ್ಟೇ ದೊಡ್ಡವನಾಗಲಿ.

ಐದನೆಯದು, ರೋಟೋನಾ ಹೆಡ್ ಟು ಹೆಡ್ಡಾ? ವಾರಕ್ಕೊಬ್ಬರ ಎದುರು ಆಡುವ ಲೀಗಿನಲ್ಲಿ ಸೇವ್ ಅಂಕಣವನ್ನು ಪೂರ್ತಿ ಬಿಟ್ಟುಕೊಟ್ಟೂ ಗೆಲ್ಲಬಹುದು. ರೋಟೋದಲ್ಲಿ ಅದು ಕಷ್ಟ. 12 ತಂಡದಲ್ಲಿ ಒಂದು ಅಂಕಣದಲ್ಲಿ ಕೊನೆ ಬಂದರೆ 1 ಅಂಕ, ಮೊದಲು ಬಂದರೆ 12. ಆ 11 ಅಂಕವನ್ನು ಬೇರೆ ಒಂಬತ್ತು ಅಂಕಣಗಳಲ್ಲಿ ಹೆಕ್ಕಿ ತರಬೇಕು.

## 2. ಕ್ಲೋಸರ್‌ಗಳನ್ನು ಕುರ್ಚಿಯ ಪ್ರಕಾರ ಮೂರು ಗುಂಪು ಮಾಡಿ

ಮೊದಲು ಸೇವ್ ಅಂದರೇನು ಅಂತ ಸರಿಯಾಗಿ ತಿಳಿದುಕೊಳ್ಳಿ. ಗೆದ್ದ ಪಂದ್ಯದ ಕೊನೆ ಚೆಂಡು ಎಸೆದ ರಿಲೀವರ್‌ಗೆ ಅದು ಸಿಗಬೇಕಾದರೆ, ಅವನು ಬರುವಾಗ ತಂಡ 3 ರನ್ ಅಥವಾ ಅದಕ್ಕಿಂತ ಕಡಿಮೆ ಮುಂದಿರಬೇಕು ಮತ್ತು ಅವನು ಕನಿಷ್ಠ ಒಂದು ಇನ್ನಿಂಗ್ಸ್ ಎಸೆಯಬೇಕು. ಇಲ್ಲವೇ ಪಂದ್ಯ ಸಮ ಮಾಡುವ ರನ್ ಬೇಸ್ ಮೇಲೋ, ಬ್ಯಾಟ್ ಹಿಡಿದೋ, ಮುಂದಿನ ಸರದಿಗೆ ಕಾಯುತ್ತಲೋ ಇರಬೇಕು. ಕೊನೆಯ ಮೂರು ಇನ್ನಿಂಗ್ಸ್ ಎಸೆದರೂ ಆಯಿತು. ಒಂಬತ್ತನೇ ಇನ್ನಿಂಗ್ಸ್ ಶುರುವಿಗೆ ತಂಡ 4 ರನ್ ಮುಂದಿದ್ದರೆ ನಿಮ್ಮ ಕ್ಲೋಸರ್ ಕೂತೇ ಇರುತ್ತಾನೆ. ಇಬ್ಬರು ಬೇಸ್ ಸೇರಿದ ಕ್ಷಣ ಅವನು ಎದ್ದು ಬರಬಹುದು, ಯಾಕೆಂದರೆ ಆಗ ಸಮ ಮಾಡುವ ರನ್ ಮುಂದಿನ ಸರದಿಗೆ ಕಾಯುತ್ತಿರುತ್ತದೆ.

ಕ್ರಿಕೆಟ್‌ನಲ್ಲಿ ಕೊನೆ ಓವರ್ ಬೌಲರ್ ಇದ್ದ ಹಾಗೆ ಅಂತ ಕೆಲವರು ಹೇಳುತ್ತಾರೆ. ಸುಮಾರಾಗಿ ಸರಿ. ಆದರೆ ಕೊನೆ ಓವರ್ ಯಾರು ಹಾಕಿದರೂ ವಿಕೆಟ್ ವಿಕೆಟ್ಟೇ. ಇಲ್ಲಿ ಎಂಟನೇ ಇನ್ನಿಂಗ್ಸ್‌ನಲ್ಲಿ ಮೂರು ಜನರನ್ನು ಸ್ಟ್ರೈಕ್‌ಔಟ್ ಮಾಡಿದವನಿಗೆ ಸೊನ್ನೆ ಸೇವ್, ಒಂಬತ್ತನೆಯದರಲ್ಲಿ ಎರಡು ರನ್ ಕೊಟ್ಟು ಏದುಸಿರು ಬಿಡುತ್ತಾ ಮುಗಿಸಿದವನಿಗೆ ಒಂದು ಸೇವ್.

ಈಗ ಆ ಬಿಳಿ ಹಾಳೆ ತೆಗೆಯಿರಿ. 30 ತಂಡಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ.

ಕೋಚ್ ಬಾಯಿಬಿಟ್ಟು ಇವನೇ ಕ್ಲೋಸರ್ ಅಂತ ಹೇಳಿದ್ದಾನಾ? ತಂಡ ಇವನಿಗೆ ದೊಡ್ಡ ಕಾಂಟ್ರಾಕ್ಟ್ ಕೊಟ್ಟಿದೆಯಾ? ಹಿಂದೆ ಇದೇ ಕೆಲಸ ಮಾಡಿದ ಇನ್ನೊಬ್ಬ ಅದೇ ಬುಲ್‌ಪೆನ್‌ನಲ್ಲಿ ಕೂತಿದ್ದಾನಾ? ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಅಂತಾದರೆ ಮೊದಲ ಗುಂಪು. ಎಲ್ಲೋ ಒಂದು ಕಡೆ ಅನುಮಾನ ಬಂದರೆ ಎರಡನೇ ಗುಂಪು. ಕೋಚ್ "ಪಂದ್ಯ ನೋಡಿಕೊಂಡು ತೀರ್ಮಾನಿಸುತ್ತೇವೆ" ಅಂದರೆ ಮೂರನೇ ಗುಂಪು. ಮೊದಲ ಗುಂಪಿನಲ್ಲಿ ಎಂಟು-ಹತ್ತು ಹೆಸರಿಗಿಂತ ಜಾಸ್ತಿ ಬಂದರೆ ನೀವು ಉದಾರವಾಗಿ ಅಂಕ ಕೊಟ್ಟಿದ್ದೀರಿ, ಮತ್ತೊಮ್ಮೆ ನೋಡಿ.

ಇಲ್ಲಿ ಸಾಮಾನ್ಯವಾಗಿ ಆಗುವ ಎರಡು ತಪ್ಪು.

ಮೊದಲನೆಯದು, ಕೆಟ್ಟ ತಂಡದ ಕ್ಲೋಸರ್ ಬೇಡ ಅನ್ನುವುದು. 2024ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಗೆದ್ದದ್ದು 71 ಪಂದ್ಯ, ಅವರ ಕೈಲ್ ಫಿನ್ನೆಗನ್ ತೆಗೆದ ಸೇವ್ 38. ಸೋಲುವ ತಂಡ ಗೆದ್ದಾಗಲೂ ಬಹಳ ಸಲ ಒಂದೆರಡು ರನ್ ಅಂತರದಲ್ಲೇ ಗೆಲ್ಲುತ್ತದೆ, ಸೇವ್ ಹುಟ್ಟುವುದು ಅಲ್ಲೇ. ಅದೇ ಫಿನ್ನೆಗನ್ ಕಥೆಯ ಇನ್ನೊಂದು ಅರ್ಧವೂ ಇದೆ: ಅಷ್ಟು ಸೇವ್ ಮಾಡಿದ ಮೇಲೂ ಆ ಚಳಿಗಾಲದಲ್ಲಿ ತಂಡ ಅವನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ, ಆಮೇಲೆ ಫೆಬ್ರವರಿಯಲ್ಲಿ ಮತ್ತೆ ಕರೆಯಿತು. ಸೇವ್ ಸಂಖ್ಯೆ ನೋಡಿ ಕುರ್ಚಿ ಭದ್ರ ಅಂದುಕೊಳ್ಳಬೇಡಿ.

ಎರಡನೆಯದು, ಹೆಸರಿಗೆ ಮರುಳಾಗುವುದು. 2025ರ ಯಾಂಕೀಸ್ ಬುಲ್‌ಪೆನ್ ನೆನಪಿಸಿಕೊಳ್ಳಿ. ಡೆವಿನ್ ವಿಲಿಯಮ್ಸ್ ಆ ವರ್ಷ ಡ್ರಾಫ್ಟ್‌ಗಳಲ್ಲಿ ಮೇಲಿನ ಸಾಲಿನ ಕ್ಲೋಸರ್. ಏಪ್ರಿಲ್ ಮುಗಿಯುವುದರೊಳಗೆ ಕೆಲಸ ಹೋಯಿತು, ಲ್ಯೂಕ್ ವೀವರ್ ಬಂದ. ಜೂನ್‌ನಲ್ಲಿ ವೀವರ್ ಗಾಯಗೊಂಡಾಗ ವಿಲಿಯಮ್ಸ್‌ಗೆ ಕುರ್ಚಿ ವಾಪಸ್ ಸಿಕ್ಕಿತು. ಜುಲೈ ಕೊನೆಗೆ ತಂಡ ಡೇವಿಡ್ ಬೆಡ್ನಾರ್‌ನನ್ನು ಟ್ರೇಡ್‌ನಲ್ಲಿ ತಂದಿತು, ಆಗಸ್ಟ್‌ನಲ್ಲಿ ಕೆಲಸ ಅವನಿಗೆ ಹೋಯಿತು. ಒಂದು ತಂಡ, ಒಂದು ಸೀಸನ್, ಮೂರು ಜನ. ವಿಲಿಯಮ್ಸ್‌ನ ಪ್ರತಿಭೆ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ, ಅಲ್ವಾ?

## 3. ಮೊದಲ ಕ್ಲೋಸರ್: 6ರಿಂದ 8ನೇ ರೌಂಡ್

ಲೆಕ್ಕ ಸರಳ. 30 ತಂಡ, ನಿಮ್ಮ ಲೀಗಿನಲ್ಲಿ 12 ಜನ. ತಲಾ ಎರಡೂವರೆ ಕ್ಲೋಸರ್. ಅದರಲ್ಲಿ ಮೂರನೇ ಗುಂಪಿನ ತಂಡಗಳನ್ನು ಕಳೆದರೆ ತಲಾ ಎರಡೂ ಬರುವುದಿಲ್ಲ. ಹಾಗಾಗಿ ಒಬ್ಬ ಭದ್ರವಾದವನನ್ನು ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕನೇ ರೌಂಡ್‌ನಲ್ಲಿ ಬೇಡ. ಅಲ್ಲಿ ಸಿಗುವ ಬ್ಯಾಟರ್ ಮತ್ತು ಎಂಟನೇ ರೌಂಡ್‌ನ ಬ್ಯಾಟರ್ ನಡುವಿನ ಅಂತರ ದೊಡ್ಡದು. ಅದೇ ನಾಲ್ಕನೇ ರೌಂಡ್‌ನ ಕ್ಲೋಸರ್‌ಗೂ ಏಳನೇ ರೌಂಡ್‌ನ ಕ್ಲೋಸರ್‌ಗೂ ಇರುವ ಅಂತರ ಒಂದು ಮೊಣಕೈ ನೋವಿನಷ್ಟು.

ಒಳ್ಳೆ ರಿಲೀವರ್‌ನಿಂದ ಸೇವ್ ಅಷ್ಟೇ ಅಲ್ಲ, ಇಆರ್‌ಎ ಕೂಡ ಇಳಿಯುತ್ತದೆ. ನಿಮ್ಮ ಸ್ಟಾರ್ಟರ್‌ಗಳು 1000 ಇನ್ನಿಂಗ್ಸ್ ಎಸೆದು ಇಆರ್‌ಎ 4.00 ಇದೆ ಅಂದುಕೊಳ್ಳಿ. ತಲಾ 60 ಇನ್ನಿಂಗ್ಸ್ ಎಸೆಯುವ, 2.50 ಇಆರ್‌ಎಯ ಮೂವರು ರಿಲೀವರ್‌ಗಳನ್ನು ಸೇರಿಸಿದರೆ ತಂಡದ ಇಆರ್‌ಎ 3.77ಕ್ಕೆ ಬರುತ್ತದೆ. ರೋಟೋ ಪಟ್ಟಿಯಲ್ಲಿ ಅಷ್ಟು ಇಳಿದರೆ ಎರಡು-ಮೂರು ಮೆಟ್ಟಿಲು ಹತ್ತಿದ ಹಾಗೆ. ಅದಕ್ಕೇ ಮೊದಲ ಕ್ಲೋಸರ್ ಆರಿಸುವಾಗ ಸೇವ್ ಸಂಖ್ಯೆ ಒಂದೇ ಇದ್ದರೆ, ಸ್ಟ್ರೈಕ್‌ಔಟ್ ಜಾಸ್ತಿ, ವಾಕ್ ಕಡಿಮೆ ಇರುವವನನ್ನು ತೆಗೆದುಕೊಳ್ಳಿ. ಹಿಂದಿನ ವರ್ಷದ ಇಆರ್‌ಎ ನೋಡಬೇಡಿ. 60 ಇನ್ನಿಂಗ್ಸ್‌ನಲ್ಲಿ ಎರಡು ಕೆಟ್ಟ ರಾತ್ರಿ ಸಾಕು, ಇಆರ್‌ಎ ಒಂದು ರನ್ ಏರಲು.

ಈ ಹಂತದಲ್ಲಿ ಜನರನ್ನು ಕೆಡಿಸುವುದು ಭಯ. ಡ್ರಾಫ್ಟ್ ಸಂಜೆ ಹೇಗಿರುತ್ತದೆ ಹೇಳ್ತೀನಿ. ಐದನೇ ರೌಂಡ್. ನಿಮ್ಮ ಸರದಿಗೆ ಇನ್ನೂ ಎಂಟು ಪಿಕ್ ಇದೆ. ಯಾರೋ ಒಬ್ಬ ಕ್ಲೋಸರ್ ತೆಗೆದ. ಮುಂದಿನವನೂ ತೆಗೆದ. ಒಂದು ಬ್ಯಾಟರ್ ಹೋದ, ಮತ್ತೆ ಇಬ್ಬರು ಕ್ಲೋಸರ್. ಪರದೆಯಲ್ಲಿ ಆರ್‌ಪಿ (ಅಂದರೆ ರಿಲೀವರ್), ಆರ್‌ಪಿ, ಆರ್‌ಪಿ ಅಂತ ಸಾಲಾಗಿ ಬೀಳುತ್ತಿದೆ. ಗಡಿಯಾರ 30 ಸೆಕೆಂಡ್ ತೋರಿಸುತ್ತಿದೆ. ಎದೆ ಡವಡವ. ನೀವು ಬರೆದಿಟ್ಟಿದ್ದ ಬ್ಯಾಟರ್ ಹೆಸರು ಬಿಟ್ಟು, ಉಳಿದ ಕ್ಲೋಸರ್‌ಗಳಲ್ಲಿ ಮೇಲಿರುವವನನ್ನು ಒತ್ತಿಬಿಡುತ್ತೀರಿ. ಅವನು ನಿಮ್ಮ ಹಾಳೆಯಲ್ಲಿ ಎರಡನೇ ಗುಂಪಿನವನು.

ನಾನೂ ಹೀಗೇ ಮಾಡಿದ್ದೆ. ಒಂದು ವರ್ಷ ಐದು ಮತ್ತು ಆರನೇ ರೌಂಡ್ ಎರಡನ್ನೂ ಕ್ಲೋಸರ್‌ಗಳಿಗೆ ಸುರಿದೆ, ಒಂಬತ್ತನೆಯದರಲ್ಲಿ ಮತ್ತೊಬ್ಬ. ಜೂನ್ ಹೊತ್ತಿಗೆ ಮೂವರಲ್ಲಿ ಇಬ್ಬರಿಗೆ ಕೆಲಸ ಇರಲಿಲ್ಲ. ಆ ವರ್ಷ ನಮ್ಮ ಲೀಗಿನಲ್ಲಿ ಸೇವ್ ಅಂಕಣ ಗೆದ್ದವನು ಡ್ರಾಫ್ಟ್‌ನಲ್ಲಿ ಒಬ್ಬನೇ ಕ್ಲೋಸರ್ ತೆಗೆದಿದ್ದ, ಉಳಿದವರನ್ನೆಲ್ಲ ವೇವರ್‌ನಿಂದ (ಯಾವ ತಂಡದಲ್ಲೂ ಇಲ್ಲದವರ ಪಟ್ಟಿಯಿಂದ) ಹೆಕ್ಕಿದ್ದ.

ಮದ್ದು ಇಷ್ಟೇ. ಹಾಳೆಯಲ್ಲಿ ಮೊದಲ ಗುಂಪಿನ ಹೆಸರುಗಳನ್ನು ಹೊಡೆದುಹಾಕುತ್ತಾ ಹೋಗಿ. ಆ ಗುಂಪಿನಲ್ಲಿ ಮೂರು ಹೆಸರು ಉಳಿದಾಗ, 6ನೇ ರೌಂಡ್ ಶುರುವಾಗಿದ್ದರೆ, ಒಬ್ಬನನ್ನು ತೆಗೆದುಕೊಳ್ಳಿ. ಅಷ್ಟರೊಳಗೆ ಗುಂಪೇ ಖಾಲಿಯಾಯಿತಾ? ಹಿಂದೆ ಓಡಬೇಡಿ. ಎರಡನೇ ಗುಂಪಿನವರು 10ನೇ ರೌಂಡ್‌ವರೆಗೂ ಇರುತ್ತಾರೆ, ಆ ಹೊತ್ತಿಗೆ ಎಲ್ಲರ ಜ್ವರವೂ ಇಳಿದಿರುತ್ತದೆ. ಒಂದು ಅಪವಾದ: ಸ್ನೇಕ್ ಡ್ರಾಫ್ಟ್‌ನಲ್ಲಿ (ಪ್ರತಿ ರೌಂಡ್‌ಗೂ ಸರದಿ ಹಿಂದುಮುಂದಾಗುವ ಡ್ರಾಫ್ಟ್) ನೀವು 1ನೇ ಅಥವಾ 12ನೇ ಜಾಗದಲ್ಲಿದ್ದರೆ ನಿಮ್ಮ ಎರಡು ಸರದಿಗಳ ನಡುವೆ 22 ಪಿಕ್ ಹೋಗುತ್ತವೆ. ಅಂಥವರು ಒಂದು ರೌಂಡ್ ಮುಂಚೆಯೇ ಕೈ ಹಾಕಬೇಕು.

ಹರಾಜು ಡ್ರಾಫ್ಟ್‌ನಲ್ಲಿ ಮಾಮೂಲಿ 260 ಡಾಲರ್ ಬಜೆಟ್ ಇದ್ದರೆ ಎಲ್ಲ ಕ್ಲೋಸರ್‌ಗಳಿಗೆ ಸೇರಿ 25 ದಾಟಬೇಡಿ. ಮೊದಲು ಕೂಗುವ ಇಬ್ಬರು ಕ್ಲೋಸರ್‌ಗಳು ಯಾವಾಗಲೂ ಜಾಸ್ತಿ ಬೆಲೆಗೆ ಹೋಗುತ್ತಾರೆ, ಸುಮ್ನೆ ನೋಡುತ್ತಾ ಕೂರಿ.

## 4. ಎರಡನೆಯವನು, ಮತ್ತು ಕುರ್ಚಿಯ ಹಿಂದೆ ನಿಂತವರು

ಎರಡನೇ ಕ್ಲೋಸರ್ 10ರಿಂದ 14ನೇ ರೌಂಡ್ ನಡುವೆ. ಇವನು ಎರಡನೇ ಗುಂಪಿನವನಾದರೆ ಸಾಕು. ಮೂರನೆಯವನು ಕೊನೆಯ ಐದು ರೌಂಡ್‌ಗಳಲ್ಲಿ, ಅದೂ ಬೇರೆ ಲೆಕ್ಕದಲ್ಲಿ.

ಆ ಲೆಕ್ಕ ಇದು. ಸದ್ಯಕ್ಕೆ ಎಂಟನೇ ಇನ್ನಿಂಗ್ಸ್ ಎಸೆಯುತ್ತಿರುವ, ಆದರೆ ಮುಂದಿರುವವನಿಗಿಂತ ಚೆನ್ನಾಗಿ ಎಸೆಯುವ ಸೆಟಪ್ ಪಿಚರ್‌ನನ್ನು ಹುಡುಕಿ. 2025ರ ಜುಲೈ ಕೊನೆಯಲ್ಲಿ ಕ್ಲೀವ್‌ಲ್ಯಾಂಡ್‌ನ ಇಮ್ಯಾನುಯೆಲ್ ಕ್ಲಾಸೆಯನ್ನು ಬೆಟ್ಟಿಂಗ್ ತನಿಖೆಯ ಸಂಬಂಧ ಲೀಗ್ ರಜೆ ಮೇಲೆ ಕಳಿಸಿತು. ಹಿಂದಿನ ವರ್ಷ 47 ಸೇವ್, 0.61 ಇಆರ್‌ಎ ಇದ್ದ ಪಿಚರ್ ಅವನು. ಅಂಥ ಕುರ್ಚಿ ಖಾಲಿಯಾಗುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆದರೆ ಖಾಲಿಯಾದರೆ ಯಾರು ಕೂರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು: ಕೇಡ್ ಸ್ಮಿತ್. ಅವನನ್ನು ಬೆಂಚ್‌ನಲ್ಲಿ ಇಟ್ಟುಕೊಂಡಿದ್ದವರಿಗೆ ಅಲ್ಲಿಯವರೆಗೂ ಸ್ಟ್ರೈಕ್‌ಔಟ್ ಬರುತ್ತಿದ್ದವು, ಆಮೇಲೆ ಸೇವ್‌ಗಳೂ ಬಂದವು. ಇಂಥವನು ಕೆಲಸ ಸಿಗದಿದ್ದರೂ ನಷ್ಟವಿಲ್ಲ. ಕಡಿಮೆ ಸ್ಟ್ರೈಕ್‌ಔಟ್‌ನ ಸೆಟಪ್ ಪಿಚರ್‌ನನ್ನು ಮಾತ್ರ "ನಾಳೆ ಕ್ಲೋಸರ್ ಆಗಬಹುದು" ಅಂತ ಇಟ್ಟುಕೊಳ್ಳಬೇಡಿ.

ಎಡಗೈ ಪಿಚರ್‌ಗಳ ವಿಷಯದಲ್ಲಿ ಸ್ವಲ್ಪ ಹುಷಾರು. ಬುಲ್‌ಪೆನ್‌ನಲ್ಲಿ ಒಬ್ಬನೇ ಒಳ್ಳೆ ಎಡಗೈಯವನಿದ್ದರೆ ಕೋಚ್ ಅವನನ್ನು ಏಳನೇ-ಎಂಟನೇ ಇನ್ನಿಂಗ್ಸ್‌ನಲ್ಲಿ ಎಡಗೈ ಬ್ಯಾಟರ್‌ಗಳ ಮೇಲೆ ಬಿಡಲು ಇಷ್ಟಪಡುತ್ತಾನೆ. ಜಾಶ್ ಹೇಡರ್, ಅರೋಲ್ಡಿಸ್ ಚಾಪ್‌ಮನ್ ಥರದವರು ಈ ಮಾತಿಗೆ ಹೊರತು.

ಹೆಡ್ ಟು ಹೆಡ್ ಆಡುವವರಿಗೆ ಇನ್ನೊಂದು ದಾರಿ ಇದೆ: ಎಸ್‌ಪಿ (ಸ್ಟಾರ್ಟರ್), ಆರ್‌ಪಿ ಎರಡೂ ಅರ್ಹತೆ ಇರುವ ಸ್ಟಾರ್ಟರ್‌ನನ್ನು ಆರ್‌ಪಿ ಜಾಗದಲ್ಲಿ ಕೂರಿಸುವುದು. ಅಂಕ ಕೂಡಿಸುವ ಲೀಗ್‌ಗಳಲ್ಲಿ ಇದು ಬಹಳ ಸಲ ಕ್ಲೋಸರ್‌ಗಿಂತ ಲಾಭ.

## 5. ಹುಡುಗರ ಪಟ್ಟಿ: ಹೆಸರಿನ ಮುಂದೆ ತಾರೀಖು ಬರೆಯಿರಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ ಜನ ಅತಿ ಹೆಚ್ಚು ಮಾಡುವುದು ಇಲ್ಲೇ. ಟಾಪ್ 100 ಪಟ್ಟಿ ತೆಗೆದು ಒಂದರಿಂದ ಹತ್ತರವರೆಗೆ ಗುರುತು ಹಾಕಿಕೊಂಡು ಬರುತ್ತಾರೆ. ಆ ಪಟ್ಟಿ ಹೇಳುವುದು ಮುಂದಿನ ಎಂಟು-ಹತ್ತು ವರ್ಷದ ಮಾತು. ಅದರಲ್ಲಿ ಫೀಲ್ಡಿಂಗ್‌ಗೂ ಅಂಕ ಇರುತ್ತದೆ, ನಿಮ್ಮ ಲೀಗಿನಲ್ಲಿ ಅದಕ್ಕೆ ಕಾಸಿನ ಬೆಲೆ ಇಲ್ಲ. ನಿಮಗೆ ಬೇಕಿರುವುದು ಈ ಏಪ್ರಿಲ್‌ನಿಂದ ಸೆಪ್ಟೆಂಬರ್.

ಹಾಗಾಗಿ ಪ್ರತಿ ಹೆಸರಿನ ಮುಂದೆ ಈ ಮೂರರಲ್ಲಿ ಒಂದು ಬರೆಯಿರಿ: ಮೊದಲ ದಿನವೇ, ಏಪ್ರಿಲ್-ಮೇ, ಗೊತ್ತಿಲ್ಲ.

ತಾರೀಖು ಹೇಗೆ ಊಹಿಸುವುದು? ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ಪೂರ್ತಿ ವರ್ಷದ ಸೇವೆ ಅಂತ ಲೆಕ್ಕ. ಸೀಸನ್ ಇರುವುದು ಸುಮಾರು 187 ದಿನ. ಹುಡುಗನನ್ನು ಎರಡು-ಮೂರು ವಾರ ಕೆಳಗೆ ಇಟ್ಟರೆ ತಂಡಕ್ಕೆ ಅವನ ಮೇಲಿನ ಹಕ್ಕು ಒಂದು ವರ್ಷ ಜಾಸ್ತಿ ಸಿಗುತ್ತದೆ. ಏಪ್ರಿಲ್ ಮಧ್ಯದಲ್ಲಿ ದಿಢೀರನೆ ಹುಡುಗರು ಮೇಲೆ ಬರುವುದರ ಗುಟ್ಟು ಇದು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದ ಮೇಲೆ, ಪಟ್ಟಿಗಳಲ್ಲಿ ಮೇಲಿರುವ ಹುಡುಗನನ್ನು ಮೊದಲ ದಿನದಿಂದ ಆಡಿಸಿ ಅವನು ವರ್ಷದ ರೂಕಿ (ಹೊಸಬ) ಪ್ರಶಸ್ತಿ ಗೆದ್ದರೆ ತಂಡಕ್ಕೆ ಮೇಜರ್ ಲೀಗ್‌ನ ನಿಜವಾದ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಪಿಕ್ ಸಿಗುವ ವ್ಯವಸ್ಥೆ ಬಂತು. ಹಾಗಾಗಿ ಈಗ ಮೊದಲ ದಿನವೇ ಬರುವವರು ಮೊದಲಿಗಿಂತ ಜಾಸ್ತಿ.

ಇನ್ನೂ ಗಟ್ಟಿ ಸುಳಿವು ಕಾಂಟ್ರಾಕ್ಟ್. 2023ರ ಡಿಸೆಂಬರ್‌ನಲ್ಲಿ ಮಿಲ್ವಾಕಿ ಬ್ರೂವರ್ಸ್ ಒಂದೂ ಮೇಜರ್ ಲೀಗ್ ಪಂದ್ಯ ಆಡದ ಜಾಕ್ಸನ್ ಚೂರಿಯೊಗೆ 8 ವರ್ಷ, 8.2 ಕೋಟಿ ಡಾಲರ್ ಕೊಟ್ಟಿತು. ದುಡ್ಡು ಕೊಟ್ಟಾದ ಮೇಲೆ ಕೆಳಗೆ ಇಡಲು ಕಾರಣವೇ ಇಲ್ಲ. ಅವನು ಮೊದಲ ದಿನದಿಂದ ಆಡಿದ.

ತಂಡದ 40 ಜನರ ಪಟ್ಟಿಯನ್ನೂ ನೋಡಿ, ಮೇಜರ್ ಲೀಗ್‌ನಲ್ಲಿ ಆಡಲು ಅದರಲ್ಲಿ ಹೆಸರಿರಬೇಕು. ಹುಡುಗ ಅದರಲ್ಲಿ ಇಲ್ಲ, ಪಟ್ಟಿಯೂ ಭರ್ತಿ ಅಂದರೆ ಅವನನ್ನು ಕರೆಯಲು ತಂಡ ಇನ್ನೊಬ್ಬನನ್ನು ತೆಗೆಯಬೇಕು. ಅಸಾಧ್ಯವೇನಲ್ಲ, ಆದರೆ ತಡ ಆಗುತ್ತದೆ. ಅವನು ಆಡುವ ಜಾಗದಲ್ಲಿ ಮೇಲೆ ಯಾರಿದ್ದಾರೆ ಅನ್ನುವುದು ಅದಕ್ಕಿಂತ ಮುಖ್ಯ. ಮೂರು ವರ್ಷದ ಕಾಂಟ್ರಾಕ್ಟ್ ಇರುವ ಫಸ್ಟ್ ಬೇಸ್‌ಮನ್ ಹಿಂದೆ ನಿಂತ ಹುಡುಗನಿಗೆ ನಾನು "ಗೊತ್ತಿಲ್ಲ" ಅಂತಲೇ ಬರೆಯುವುದು.

## 6. ಬಂದ ಮೇಲೆ ಉಳಿಯುತ್ತಾನಾ?

ತಾರೀಖು ಸರಿಯಿದ್ದರೂ ಹುಡುಗ ಸೋಲಬಹುದು. ಜಾಕ್ಸನ್ ಹಾಲಿಡೇ 2024ರಲ್ಲಿ ಎಲ್ಲ ಪಟ್ಟಿಗಳಲ್ಲೂ ಮೇಲಿದ್ದವನು. ಏಪ್ರಿಲ್ 10ಕ್ಕೆ ಬಂದ, 34 ಸಲ ಬ್ಯಾಟ್ ಬೀಸಲು ನಿಂತು ಎರಡು ಹಿಟ್ ಹೊಡೆದ, ತಿಂಗಳು ಮುಗಿಯುವ ಮುಂಚೆ ವಾಪಸ್ ಹೋದ. ಕ್ಯಾನ್ಸಸ್ ಸಿಟಿಯ ಜ್ಯಾಕ್ ಕ್ಯಾಗ್ಲಿಯೋನಿ 2025ರ ಜೂನ್‌ನಲ್ಲಿ ಬಂದು 62 ಪಂದ್ಯದಲ್ಲಿ .157 (ಬ್ಯಾಟಿಂಗ್ ಸರಾಸರಿ, ಸಾವಿರ ಸಲಕ್ಕೆ 157 ಹಿಟ್‌ನ ಲೆಕ್ಕ) ಹೊಡೆದ. ಅದೇ 2025ರಲ್ಲಿ ಏಪ್ರಿಲ್ 23ಕ್ಕೆ ಬಂದ ನಿಕ್ ಕರ್ಟ್ಜ್ 36 ಹೋಮ್ ರನ್ ಹೊಡೆದು ವರ್ಷದ ರೂಕಿ ಆದ. ಯಾರು ಯಾವ ಕಡೆ ಬೀಳುತ್ತಾರೆ ಅಂತ ಖಚಿತವಾಗಿ ಹೇಳುವವರು ಸಿಕ್ಕರೆ ನನಗೂ ಹೇಳಿ. ಆದರೆ ಅಪಾಯ ಕಡಿಮೆ ಮಾಡಿಕೊಳ್ಳಬಹುದು.

ಮೊದಲು ಸ್ಟ್ರೈಕ್‌ಔಟ್ ನೋಡಿ. ಡಬಲ್ ಎ, ಟ್ರಿಪಲ್ ಎಯಲ್ಲೇ ನೂರಕ್ಕೆ 30ಕ್ಕಿಂತ ಜಾಸ್ತಿ ಸಲ ಸ್ಟ್ರೈಕ್‌ಔಟ್ ಆಗುವವನಿಗೆ ಮೇಲೆ ಬಂದ ಮೇಲೆ ಅದು ಕಡಿಮೆ ಆಗುವುದಿಲ್ಲ. ಆಮೇಲೆ ವಯಸ್ಸು. 20 ವರ್ಷಕ್ಕೆ ಡಬಲ್ ಎಯಲ್ಲಿ .270 ಹೊಡೆಯುವವನು, 25ಕ್ಕೆ ಅಲ್ಲೇ .310 ಹೊಡೆಯುವವನಿಗಿಂತ ಮೇಲು. ಮೂರನೆಯದು ಊರು. ಆಲ್ಬುಕರ್ಕಿ, ರೀನೋ ಥರದ ಎತ್ತರದ ಊರುಗಳಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಅಲ್ಲಿನ ಹೋಮ್ ರನ್ ಸಂಖ್ಯೆಯನ್ನು ಮುಖಬೆಲೆಗೆ ಕೊಳ್ಳಬೇಡಿ.

ಇಬ್ಬರಲ್ಲಿ ಯಾರು ಅಂತ ತೀರ್ಮಾನ ಆಗದಿದ್ದರೆ ಬೇಸ್ ಕದಿಯುವವನನ್ನು (ಹಿಟ್ ಇಲ್ಲದೆಯೇ ಓಡಿ ಮುಂದಿನ ಬೇಸ್ ಹಿಡಿಯುವವನನ್ನು) ತೆಗೆದುಕೊಳ್ಳಿ. ಬ್ಯಾಟ್ ನಿದ್ದೆ ಹೋದ ವಾರದಲ್ಲೂ ಕಾಲು ಕೆಲಸ ಮಾಡುತ್ತದೆ. 2023ರಲ್ಲಿ ಕಾರ್ಬಿನ್ ಕ್ಯಾರಲ್ 25 ಹೋಮ್ ರನ್ ಜೊತೆ 54 ಬೇಸ್ ಕದ್ದ. ಅವನು ಹಿಂದಿನ ವರ್ಷದ ಆಗಸ್ಟ್‌ನಲ್ಲೇ ಮೇಲೆ ಬಂದು ಒಂದು ತಿಂಗಳು ರುಚಿ ನೋಡಿ ಹೋಗಿದ್ದ ಅನ್ನುವುದನ್ನು ಗಮನಿಸಿ. ನನಗೆ ಇಂಥ ಹುಡುಗರೇ ಇಷ್ಟ: ಹಿಂದಿನ ವರ್ಷ ಕೊನೆಗೆ ಬಂದು ಸುಮಾರಾಗಿ ಆಡಿ, ಜನ ಮರೆತಿರುವವರು. ಮೈಕ್ ಟ್ರೌಟ್ ಕೂಡ 2011ರಲ್ಲಿ 40 ಪಂದ್ಯ ಆಡಿ .220 ಹೊಡೆದಿದ್ದ. ಮುಂದಿನ ವರ್ಷ .326, 30 ಹೋಮ್ ರನ್, 49 ಕದ್ದ ಬೇಸ್.

ಪಿಚಿಂಗ್ ಹುಡುಗರು ಬೇಕಾ? ಒಂದು ವರ್ಷದ ಲೀಗಿನಲ್ಲಿ ನಾನು ಬೇಡ ಅನ್ನುತ್ತೇನೆ. ಮೊಣಕೈ ಗಾಯ, ಇನ್ನಿಂಗ್ಸ್ ಮಿತಿ, ಐದನೇ ಇನ್ನಿಂಗ್ಸ್‌ಗೇ ಹೊರಗೆ ಕರೆಯುವುದು, ಎಲ್ಲಾ ಸೇರಿ ಗೆಲುವು ಬರುವುದಿಲ್ಲ. ಪಾಲ್ ಸ್ಕೀನ್ಸ್ 2024ರ ಮೇ 11ಕ್ಕೆ ಬಂದು 1.96 ಇಆರ್‌ಎ ತೆಗೆದ, ನಿಜ. ಆದರೆ ಸ್ಕೀನ್ಸ್‌ನ ಕಥೆ ಹೇಳಿಕೊಂಡು ಪ್ರತಿ ವರ್ಷ ಹತ್ತು ಜನ ಬೇರೆಯವರನ್ನು ಕೊಳ್ಳುತ್ತಾರೆ.

## 7. ಡ್ರಾಫ್ಟ್ ದಿನದ ಸರದಿ

ಮೊದಲ ಐದು ರೌಂಡ್: ಕ್ಲೋಸರ್ ಇಲ್ಲ (1 ಅಥವಾ 12ನೇ ಜಾಗದವರು ಐದನೆಯದರಲ್ಲಿ ನೋಡಬಹುದು), ಹುಡುಗರಿಲ್ಲ. ಯಾರು ಏನೇ ಮಾಡಲಿ.

6ರಿಂದ 8: ಮೊದಲ ಕ್ಲೋಸರ್, ಮೂರು ಹೆಸರು ಉಳಿದಾಗ.

10ರಿಂದ 14: ಎರಡನೇ ಕ್ಲೋಸರ್. "ಮೊದಲ ದಿನವೇ" ಅಂತ ಬರೆದ ಹುಡುಗ ಒಬ್ಬ, ಅವನ ಎಡಿಪಿ ಬಂದಾಗ. ಇಲ್ಲಿ ಎರಡು ರೌಂಡ್ ಮುಂಚೆ ಹಾರಿ ಹಿಡಿಯುವ ಚಟ ಬೇಡ. ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ ನಾಲ್ಕು ಹೋಮ್ ರನ್ ಹೊಡೆದ ಹುಡುಗನ ಬೆಲೆ ಮಾರ್ಚ್ ಕೊನೆ ವಾರದಲ್ಲಿ ಏರಿರುತ್ತದೆ. ಅವನು ಹೊಡೆದದ್ದು ಏಳನೇ ಇನ್ನಿಂಗ್ಸ್‌ನಲ್ಲಿ, ಡಬಲ್ ಎ ಪಿಚರ್ ಮೇಲೆ ಇರಬಹುದು.

ಕೊನೆಯ ಐದು ರೌಂಡ್: ಒಬ್ಬ ಸೆಟಪ್ ಪಿಚರ್, "ಏಪ್ರಿಲ್-ಮೇ" ಹುಡುಗ ಒಬ್ಬನೇ ಒಬ್ಬ. ಎನ್‌ಎ ಜಾಗ ಇದ್ದರೆ ಇಬ್ಬರು. "ಗೊತ್ತಿಲ್ಲ" ಅಂತ ಬರೆದವರನ್ನು ಮುಟ್ಟಬೇಡಿ. ಅಂಥವನು ಬೆಂಚ್ ಮೇಲೆ ಬಿಸಿ ತುಪ್ಪ. ಬಿಟ್ಟರೆ ಮರುದಿನವೇ ಮೇಲೆ ಕರೆಯುತ್ತಾರೇನೋ ಅನ್ನುವ ಭಯ, ಇಟ್ಟುಕೊಂಡರೆ ಜಾಗ ದಂಡ.

ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಲೀಗ್ ಆದರೆ ಇದೆಲ್ಲ ಸಡಿಲ. ಅಲ್ಲಿ "ಗೊತ್ತಿಲ್ಲ" ಹುಡುಗರೇ ಮುಂದೆ ಟ್ರೇಡ್‌ಗೆ ಚಿಲ್ಲರೆ ಕಾಸು.

## 8. ಡ್ರಾಫ್ಟ್ ಮುಗಿದ ಮೇಲೆ: ಅಪಾಯದ ಗುರುತುಗಳು

ಕ್ಲೋಸರ್ ಕೆಲಸ ಹೋಗುವುದು ಒಂದೇ ದಿನದಲ್ಲಿ ಅಲ್ಲ. ಗುರುತು ಮುಂಚೆಯೇ ಕಾಣುತ್ತವೆ. ಫಾಸ್ಟ್‌ಬಾಲ್ ವೇಗ ಹಿಂದಿನ ವರ್ಷಕ್ಕಿಂತ ಗಂಟೆಗೆ ಎರಡು ಮೈಲಿ ಕಡಿಮೆ. ಎರಡು ವಾರದಲ್ಲಿ ವಾಕ್‌ಗಳು ಏರಿವೆ. ಎದುರಾಳಿಯ ಬಲಿಷ್ಠ ಬ್ಯಾಟರ್‌ಗಳು ಎಂಟನೇ ಇನ್ನಿಂಗ್ಸ್‌ನಲ್ಲಿ ಬಂದಾಗ ಕೋಚ್ ಇವನನ್ನೇ ಅಲ್ಲಿಗೆ ಕಳಿಸಿ ಒಂಬತ್ತನೆಯದನ್ನು ಬೇರೆಯವನಿಗೆ ಕೊಟ್ಟ. ಒಂದು ಸಲ ಆದರೆ ಪರವಾಗಿಲ್ಲ, ವಾರದಲ್ಲಿ ಎರಡು ಸಲ ಆದರೆ ಆ ಬೇರೆಯವನನ್ನು ಇವತ್ತೇ ಎತ್ತಿಕೊಳ್ಳಿ. "ಅವನ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ" ಅಂತ ಕೋಚ್ ಹೇಳಿದರೆ ಇನ್ನೂ ಬೇಗ ಎತ್ತಿಕೊಳ್ಳಿ.

ಸುಳ್ಳು ಗುರುತೂ ಇದೆ. ನಿಮ್ಮ ಕ್ಲೋಸರ್ ಎರಡು ದಿನ ಸತತವಾಗಿ ಎಸೆದಿದ್ದರೆ ಮೂರನೇ ದಿನ ಸೇವ್ ಬೇರೆಯವನಿಗೆ ಹೋಗುವುದು ಮಾಮೂಲು. ಅದನ್ನು ನೋಡಿ ಗಾಬರಿಯಾಗಿ ಯಾರನ್ನೋ ಬಿಟ್ಟು ಯಾರನ್ನೋ ತರಬೇಡಿ. ಹಿಂದಿನ ಮೂರು ದಿನದ ಬಾಕ್ಸ್ ಸ್ಕೋರ್ ತೆರೆದು ನೋಡಿದರೆ ಸಾಕು.

ಹುಡುಗ ಬಂದು ಸೋಲುತ್ತಿದ್ದರೆ? ದಿನಾ ಆಡಿಸುತ್ತಿದ್ದಾರಾ ಅಂತ ನೋಡಿ. ಚೂರಿಯೊ 2024ರ ಮೊದಲ ಎರಡು ತಿಂಗಳು ತೀರಾ ಸಾಧಾರಣ. ಅವನನ್ನು ಬಿಟ್ಟವರು ಬಹಳ. ಕೊನೆಗೆ 21 ಹೋಮ್ ರನ್, 22 ಕದ್ದ ಬೇಸ್. ತಂಡ ಅವನನ್ನು ಆಡಿಸುವುದು ನಿಲ್ಲಿಸಿರಲಿಲ್ಲ. ವಾರಕ್ಕೆ ಮೂರೇ ದಿನ ಆಡುವ, ಎಡಗೈ ಪಿಚರ್ ಬಂದಾಗ ಕೂರಿಸುವ ಹುಡುಗನನ್ನು ಮಾತ್ರ ಕಾಯಬೇಡಿ.

ಬೆಂಗಳೂರಲ್ಲಿ ಕೂತು ಅಮೆರಿಕದ ಅಣ್ಣ-ತಮ್ಮಂದಿರ ಲೀಗಿನಲ್ಲಿ ಆಡುವವರಿಗೆ ಒಂದು ಲಾಭ ಇದೆ. ಪಶ್ಚಿಮ ಕರಾವಳಿಯ ಸಂಜೆ ಪಂದ್ಯ ಮುಗಿಯುವಾಗ ನ್ಯೂಜೆರ್ಸಿಯಲ್ಲಿ ರಾತ್ರಿ ಒಂದು ಗಂಟೆ ಹತ್ತಿರ, ಎಲ್ಲರೂ ನಿದ್ದೆ. ನಿಮಗೆ ಬೆಳಿಗ್ಗೆ ಹತ್ತೂಕಾಲು, ಎರಡನೇ ಕಾಫಿ ಹೊತ್ತು. ಸ್ಯಾನ್ ಡಿಯೇಗೋದಲ್ಲೋ ಸಿಯಾಟಲ್‌ನಲ್ಲೋ ಕ್ಲೋಸರ್ ಮೊಣಕೈ ಹಿಡಿದುಕೊಂಡು ಹೊರನಡೆದರೆ, ಅವನ ಹಿಂದಿನವನನ್ನು ಎತ್ತಿಕೊಳ್ಳಲು ನಿಮಗೆ ಆರು ಗಂಟೆ ಪುರುಸೊತ್ತು. ಬಿಡ್ ಹಾಕುವ ಲೀಗ್ ಆದರೆ ಈ ಲಾಭ ಇಲ್ಲ.

ಇನ್ನು ಜುಲೈ ಕೊನೆಯ ಅಥವಾ ಆಗಸ್ಟ್ ಶುರುವಿನ ಟ್ರೇಡ್ ಗಡುವು, ಅಂದರೆ ಮೇಜರ್ ಲೀಗ್ ತಂಡಗಳು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಲು ಕೊನೆಯ ದಿನ. ಸೋಲುವ ತಂಡದ ಒಳ್ಳೆ ಕ್ಲೋಸರ್ ನಿಮ್ಮ ಬಳಿ ಇದ್ದರೆ ಜುಲೈ ಮೊದಲ ವಾರದಲ್ಲೇ ಅವನನ್ನು ಬೇರೆಯವರಿಗೆ ದಾಟಿಸಿ. 2024ರಲ್ಲಿ 49 ಸೇವ್ ಮಾಡಿದ್ದ ರಯಾನ್ ಹೆಲ್ಸ್ಲಿ 2025ರ ಗಡುವಿನಲ್ಲಿ ಮೆಟ್ಸ್‌ಗೆ ಹೋದ, ಅಲ್ಲಿ ಎಡ್ವಿನ್ ಡಿಯಾಜ್ ಆಗಲೇ ಕೂತಿದ್ದ. ಮೇಸನ್ ಮಿಲ್ಲರ್ ಸ್ಯಾನ್ ಡಿಯೇಗೋಗೆ ಹೋದ, ಅಲ್ಲಿ ರಾಬರ್ಟ್ ಸುವಾರೆಜ್ ಇದ್ದ. ಇಬ್ಬರಿಗೂ ರಾತ್ರೋರಾತ್ರಿ ಎಂಟನೇ ಇನ್ನಿಂಗ್ಸ್. ಅದೇ ವಾರ ಮಿನ್ನೆಸೋಟ ಟ್ವಿನ್ಸ್ ಯೋಹಾನ್ ಡುರಾನ್ ಸೇರಿ ಐದು ಜನ ರಿಲೀವರ್‌ಗಳನ್ನು ಬಿಟ್ಟುಕೊಟ್ಟಿತು. ಮರುದಿನ ಅಲ್ಲಿನ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದಕ್ಕೆ ಬುಲ್‌ಪೆನ್ ಪುಟ ನೋಡಿದವನಿಗೂ ಸರಿಯಾದ ಉತ್ತರ ಇರಲಿಲ್ಲ. ಇಂಥ ಹೊತ್ತಲ್ಲಿ ಒಬ್ಬನ ಮೇಲೆ ಪಣ ಕಟ್ಟದೆ, ಜಾಗ ಇದ್ದರೆ ಉಳಿದವರಲ್ಲಿ ಸ್ಟ್ರೈಕ್‌ಔಟ್ ಜಾಸ್ತಿ ಇರುವ ಇಬ್ಬರನ್ನು ಎತ್ತಿಕೊಂಡು ಒಂದು ವಾರ ಕಾಯಿರಿ. 2025ರ ಗಡುವು ಇದ್ದದ್ದು ನ್ಯೂಯಾರ್ಕ್ ಸಮಯ ಸಂಜೆ 6ಕ್ಕೆ. ನಮ್ಮಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಅಲಾರಂ ಇಟ್ಟುಕೊಳ್ಳಿ, ಮನೆಯವರಿಗೆ ಮುಂಚೆಯೇ ಹೇಳಿರಿ.